ಮಳೆ ಹಿಡಿದ ವಾರ ನಮ್ಮ ಮಾಡೆಲ್‌ಗೆ ಕಂದು ಬಣ್ಣ ಕಾಣದಾಯಿತು

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಹೊಟ್ಟು ತೆಗೆದು ಬೀಜವನ್ನು ವಿಂಗಡಿಸುವ ಕಾರ್ಖಾನೆಯಲ್ಲಿ, ನಾವು ಬೆಲ್ಟಿನ ಮೇಲೆ ಕ್ಯಾಮೆರಾ ಕೂರಿಸಿದ್ದೇವೆ. ಹರಿದು ಬರುವ ಬೀಜದಲ್ಲಿ ಬಿಬಿಬಿ, ಅಂದರೆ ಕಪ್ಪು, ಕಂದು ಮತ್ತು ಚೂರು ಬೀಜಗಳನ್ನು ಮಾಡೆಲ್, ಅಂದರೆ ಫೋಟೊಗಳನ್ನು ತೋರಿಸಿ ಕಲಿಸಿದ ಕಂಪ್ಯೂಟರ್ ಪ್ರೋಗ್ರಾಂ, ಗುರುತಿಸಬೇಕು. ಅದರ ಕಣ್ಣು ತಪ್ಪಿಸಿಕೊಂಡಿದ್ದನ್ನು ಕೊನೆಯಲ್ಲಿ ಗಾರ್ಬ್ಲಿಂಗ್ ಮಾಡುವ ಹೆಂಗಸರು ಕೈಯಿಂದ ಆರಿಸುತ್ತಾರೆ.

ತರಬೇತಿಯ ಫೋಟೊಗಳನ್ನು ತೆಗೆದಿದ್ದು ಜನವರಿ, ಫೆಬ್ರವರಿಯಲ್ಲಿ. ಆಗ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಬರುತ್ತಿತ್ತು, ಬಿಸಿಲೂ ಚೆನ್ನಾಗಿತ್ತು. ಮೇ ಮುಗಿಯುವವರೆಗೆ ಯಾವ ತಕರಾರೂ ಇರಲಿಲ್ಲ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಮೂರನೇ ದಿನ ಗಾರ್ಬ್ಲಿಂಗಿನ ಹಿರಿಯ ಅಕ್ಕ ಒಂದು ಮುಷ್ಟಿ ಬೀಜ ತಂದು ನನ್ನ ಮೇಜಿನ ಮೇಲೆ ಸುರಿದರು.

"ನೋಡಪ್ಪ, ಇಷ್ಟೂ ಬ್ರೌನು. ನಿಮ್ ಮಿಷನ್ನು ಎಲ್ಲಾನೂ ಬಿಡ್ತಾ ಐತೆ."

ಸರ್ವರಿನ ಸ್ಥಿತಿಯನ್ನು ಗ್ರಾಫಿನಲ್ಲಿ ತೋರಿಸುವ ಗ್ರಫಾನಾ ಎಂಬ ಪರದೆಯನ್ನು ತೆರೆದೆ. ಸರ್ವರ್ ನಡೆಯುತ್ತಿದೆ, ಉತ್ತರ ಮಿಲಿಸೆಕೆಂಡುಗಳಲ್ಲಿ ಬರುತ್ತಿದೆ, ಎರರ್ ಸೊನ್ನೆ. ಎಲ್ಲ ಹಸಿರು. ತಪ್ಪು ಹೇಳುವಾಗಲೂ ಮಾಡೆಲ್ 0.9ಕ್ಕಿಂತ ಹೆಚ್ಚಿನ ಅಂಕದಲ್ಲೇ, ಅಂದರೆ ತುಂಬಾ ಖಾತ್ರಿಯಿಂದಲೇ, ಹೇಳುತ್ತಿತ್ತು. ಬೇರೆ ಸಾಫ್ಟ್‌ವೇರ್ ಕೆಟ್ಟರೆ ನಿಲ್ಲುತ್ತದೆ, ಕೂಗುತ್ತದೆ. ಮಾಡೆಲ್ ಕೆಟ್ಟರೆ ಅದೇ ವೇಗದಲ್ಲಿ ತಪ್ಪು ಉತ್ತರ ಕೊಡುತ್ತಾ ಹೋಗುತ್ತದೆ. ಓದಿ ಗೊತ್ತಿದ್ದ ಮಾತೇ. ಆದರೂ ಆ ಬೀಜ ಮೇಜಿನ ಮೇಲೆ ಬಿದ್ದಾಗಲೇ ನನಗೆ ಅದು ಅರ್ಥವಾಗಿದ್ದು.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಗಾಬರಿಯಲ್ಲಿ ಆ ವಾರದ ಫೋಟೊಗಳನ್ನೇ ಸೇರಿಸಿ ಮತ್ತೆ ತರಬೇತಿ ಕೊಟ್ಟೆ. ಅವುಗಳಲ್ಲಿ ಯಾವುದು ಎಂಥ ಬೀಜ ಎಂದು ಲೇಬಲ್ ಹಾಕಿದ್ದು ಯಾರು? ಹಳೆಯ ಮಾಡೆಲ್ಲೇ. ಅದರ ತಪ್ಪನ್ನೇ ಪಾಠವೆಂದು ಅದಕ್ಕೇ ಓದಿಸಿದ ಹಾಗಾಯಿತು. ಹಿಂದಕ್ಕೆ ಹೋಗೋಣವೆಂದರೆ ಹೊಸ ಫೈಲ್ ಹಳೆಯದನ್ನು ಅಳಿಸಿ ಅದರ ಹೆಸರಲ್ಲೇ ಕೂತಿತ್ತು. ಯಾವ ಫೋಟೊಗಳಿಂದ ಹಳೆಯದು ತಯಾರಾಯಿತೆಂಬ ದಾಖಲೆಯೂ ಇರಲಿಲ್ಲ. ಎರಡು ದಿನ ಬೆಲ್ಟ್ ಪೂರ್ತಿ ಕೈಕೆಲಸದ ಮೇಲೆ ಓಡಿತು, ಆ ಹೆಂಗಸರು ಕತ್ತಲಾಗುವವರೆಗೆ ಕೂತರು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಕಾರಣ ಸಿಕ್ಕಿದ್ದು ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ. ಶೆಡ್ಡಿನ ಸೂರಿನಲ್ಲಿ ಬೆಳಕಿಗೆಂದು ಹಾಕಿದ ಪಾರದರ್ಶಕ ಶೀಟ್‌ಗಳಿವೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಸರಿಮಾಡುವ ಹೊಂದಾಣಿಕೆಯನ್ನು, ಜನವರಿಯ ಬಿಸಿಲಿಗೆ ಕಟ್ಟಿಹಾಕಿದ್ದೆವು. ಮೋಡದ ಬೆಳಕಿನಲ್ಲಿ ನೀಲಿ ಅಂಶ ಹೆಚ್ಚು. ಕಂದು ಬೀಜ ಬೂದಿಯಾಗಿ, ಒಳ್ಳೆ ಪ್ಲಾಂಟೇಶನ್ ಬೀಜದ (ಪಾರ್ಚ್‌ಮೆಂಟಿನಿಂದ ತೆಗೆದ ಅರೇಬಿಕಾ) ಬಣ್ಣಕ್ಕೆ ಹತ್ತಿರವಾಗಿ ಕಾಣುತ್ತಿತ್ತು. ಪ್ರತಿ ಫೋಟೊದ ಕೆಂಪು, ಹಸಿರು, ನೀಲಿ ಸರಾಸರಿಯನ್ನು ಒಂದು ಗೆರೆಯಾಗಿ ಎಳೆದಿದ್ದರೆ ಮಳೆ ಬಂದ ಮೊದಲ ದಿನವೇ ಗೊತ್ತಾಗುತ್ತಿತ್ತು.

ಈಗ ಆ ಸರಾಸರಿಗಳೂ, ಗಂಟೆಗೆ ಎಷ್ಟು ಪಾಲು ಬೀಜ ಬಿಬಿಬಿ ಎಂದಾಯಿತು ಎಂಬುದೂ ಇಂಥ ಅಂಕಿಗಳನ್ನು ಸಮಯದ ಜೊತೆ ದಾಖಲಿಸುವ ಪ್ರೊಮಿಥಿಯಸ್‌ಗೆ ಹೋಗುತ್ತವೆ. ತರಬೇತಿಯ ಫೋಟೊಗಳಲ್ಲಿ ಈ ಅಂಕಿಗಳು ಹರಡಿದ್ದ ರೀತಿಗೂ ಇವತ್ತಿನದಕ್ಕೂ ಇರುವ ಅಂತರವನ್ನು ಪಿಎಸ್‌ಐ (ಪಾಪ್ಯುಲೇಷನ್ ಸ್ಟೆಬಿಲಿಟಿ ಇಂಡೆಕ್ಸ್) ಎಂಬ ಅಳತೆಯಲ್ಲಿ ನೋಡುತ್ತೇವೆ. ಬ್ಯಾಂಕಿನ ಸಾಲದ ಸ್ಕೋರಿಂಗ್‌ನವರು ಬಹಳ ಹಿಂದಿನಿಂದ ಬಳಸುವ ಲೆಕ್ಕ ಅದು. 0.2 ದಾಟಿದರೆ ನನ್ನ ಫೋನ್ ಬಡಿದುಕೊಳ್ಳುತ್ತದೆ. ಪ್ರತಿ ಆವೃತ್ತಿಯನ್ನೂ ದಾಖಲಿಸಿಡಲು ಡೇಟಾಗೆ ಡಿವಿಸಿ, ಮಾಡೆಲ್‌ಗೆ ಎಂಎಲ್‌ಫ್ಲೋ ರಿಜಿಸ್ಟ್ರಿ ಎಂಬ ಸಾಫ್ಟ್‌ವೇರ್‌ಗಳಿವೆ. ಓಡುವ ಮಾಡೆಲ್‌ಗೆ 'ಚಾಂಪಿಯನ್' ಎಂಬ ಅಲಿಯಾಸ್ (ಅಡ್ಡಹೆಸರು) ಕೊಟ್ಟಿದ್ದೇವೆ, ಹಿಂದಕ್ಕೆ ಹೋಗಬೇಕಾದರೆ ಅದನ್ನು ಹಳೆಯ ಆವೃತ್ತಿಗೆ ತಿರುಗಿಸಿದರೆ ಸಾಕು. ಹೊಸ ಮಾಡೆಲ್ ಮೊದಲು ಒಂದು ವಾರ ನೆರಳಿನಲ್ಲಿ ಓಡುತ್ತದೆ. ಅದೇ ಫೋಟೊ ನೋಡಿ ಉತ್ತರ ಬರೆದಿಡುತ್ತದೆ, ಬೆಲ್ಟನ್ನು ಮುಟ್ಟುವುದಿಲ್ಲ.

ಸಮಸ್ಯೆಯನ್ನು ನಿಜವಾಗಿ ಬಗೆಹರಿಸಿದ್ದು ಮಾತ್ರ ಇವು ಯಾವುದೂ ಅಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ತಗಡಿನ ಗೂಡು, ಅದರೊಳಗೆ ಎಲ್‌ಇಡಿ ಪಟ್ಟಿ. ಹೊರಗೆ ಬಿಸಿಲಿರಲಿ ಮೋಡವಿರಲಿ, ಕ್ಯಾಮೆರಾಗೆ ಬೆಳಕು ಒಂದೇ. ಮಾಡೆಲ್ ಬದಲಿಸುವ ಮೊದಲು ಅದರ ಮುಂದೆ ಬರುವುದನ್ನು ಸರಿಮಾಡಬಹುದೇ ಎಂದು ಈಗ ಮೊದಲು ಕೇಳುತ್ತೇನೆ.

ದಿನವೂ ಸಂಜೆ ನಾಲ್ಕಕ್ಕೆ, ಮಾಡೆಲ್ ನೋಡಿ ಬಿಟ್ಟ ಬೀಜದಿಂದ 200 ಎಣಿಸಿ ಅದೇ ಅಕ್ಕನ ತಟ್ಟೆಗೆ ಹಾಕುತ್ತೇವೆ. ಅವರು ಆರಿಸಿ ಹೇಳಿದ್ದೇ ನಮ್ಮ ಲೇಬಲ್. ಆ ಅರ್ಧ ಗಂಟೆಗೆ ಅವರಿಗೆ ಬೇರೆ ಕೂಲಿ ಬರೆಸಿದ್ದೇನೆ.