ತಮನಾರ್ ದಾರಿಯ ಅರ್ಗಾನ್ ಮರಗಳು

ಮೊರಾಕ್ಕೋದ ಅಗಾದಿರ್ ನಗರ ಬಿಟ್ಟು ಉತ್ತರಕ್ಕೆ, ಎಸ್ಸಾವಿರಾ ಕಡೆಗೆ ಹೊರಟರೆ ಎಡಗಡೆ ಅಟ್ಲಾಂಟಿಕ್ ಸಾಗರ ಜೊತೆಜೊತೆಗೇ ಬರುತ್ತದೆ. ತಮ್ರಿಯ ಬಾಳೆತೋಟಗಳನ್ನು ದಾಟಿದ ಮೇಲೆ ರಸ್ತೆ ಒಳನಾಡಿಗೆ ಹೊರಳಿ ಗುಡ್ಡ ಹತ್ತುತ್ತದೆ. ಅಲ್ಲಿಂದ ಮುಂದೆ ಕಣ್ಣು ಹಾಯುವಷ್ಟೂ ಅರ್ಗಾನ್, ಬೀಜದಿಂದ ಎಣ್ಣೆ ಕೊಡುವ ಮರ. ಕಾಡೆಂದರೆ ಮಲೆನಾಡಿನಂಥ ದಟ್ಟ ಕಾಡಲ್ಲ. ಕಲ್ಲುನೆಲದಲ್ಲಿ ದೂರ ದೂರ ನಿಂತ, ಕಾಂಡ ತಿರುಚಿಕೊಂಡ ಮುಳ್ಳುಮರಗಳು. ಬರ ಹೆಚ್ಚಾದರೆ ಎಲೆ ಉದುರಿಸಿ ಸತ್ತಂತಿದ್ದು, ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತವೆ. ಮೊರಾಕ್ಕೋದ ನೈರುತ್ಯ ಭಾಗದಲ್ಲಿ ಸಹಾರಾ ಮರಳು ಉತ್ತರಕ್ಕೆ ಹಬ್ಬದಂತೆ ತಡೆದು ನಿಂತಿರುವುದು ಇವೇ. 1998ರಲ್ಲಿ ಯುನೆಸ್ಕೋ ಇಲ್ಲಿನ ಸುಮಾರು 25 ಲಕ್ಷ ಹೆಕ್ಟೇರ್ ಪ್ರದೇಶವನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು.

ಅರ್ಗಾನ್ ಸಪೋಟೇಸಿ ಕುಟುಂಬದ ಮರ. ನಮ್ಮ ಹಿಪ್ಪೆ, ರೆಂಜೆ, ಸಪೋಟ ಎಲ್ಲವೂ ಇದರ ದಾಯಾದಿಗಳು. ಹಿಪ್ಪೆ ಎಣ್ಣೆಯ ದೀಪ ಕಂಡ ಊರಿನಿಂದ ಹೋದ ನನಗೆ ಈ ನಂಟು ದೊಡ್ಡದಾಗಿಯೇ ಕಂಡಿತು.

ರಸ್ತೆಬದಿಯ ಮರವೊಂದರ ಕೊಂಬೆಗಳ ಮೇಲೆ ಆಡುಗಳು ನಿಂತಿದ್ದವು. ಪ್ರವಾಸಿಗರು ಓಡಾಡುವ ಕಡೆ ಫೋಟೋದ ಹಣಕ್ಕಾಗಿ ಆಡುಗಳನ್ನು ಹತ್ತಿಸಿ ನಿಲ್ಲಿಸುವುದೂ ಉಂಟು. ನನಗೆ ಅದು ಹಿಡಿಸಲಿಲ್ಲ. ಆದರೆ ಹಣ್ಣಿನ ಆಸೆಗೆ ಅವು ತಾವಾಗಿಯೇ ಮರವೇರುವುದೂ ನಿಜ. ತಿಂದ ಬೀಜ ಹಿಕ್ಕೆಯಲ್ಲಿ ಹೊರಬೀಳುತ್ತದೆಂದು ಬಹುಕಾಲ ನಂಬಲಾಗಿತ್ತು. ಮೆಲುಕು ಹಾಕುವಾಗ ಆಡುಗಳು ಬೀಜವನ್ನು ಉಗುಳಿಬಿಡುತ್ತವೆ, ಹೀಗೆ ಮರದಿಂದ ದೂರಕ್ಕೂ ಬೀಜ ಸಾಗುತ್ತದೆ ಎಂದು ಸ್ಪೇನಿನ ಸಂಶೋಧಕರು 2017ರಲ್ಲಿ ವರದಿ ಮಾಡಿದರು. ಅದೇ ಆಡು ಎಳೆ ಸಸಿಯನ್ನೂ ಮೇಯುತ್ತದೆ ಎಂಬುದೇ ಕಷ್ಟ.

ತಮನಾರ್ ಸಣ್ಣ ಊರು. ಅರ್ಗಾನ್ ಎಣ್ಣೆಯ ಮೊದಲ ಮಹಿಳಾ ಸಹಕಾರ ಸಂಘ 1996ರಲ್ಲಿ ಶುರುವಾದದ್ದು ಇಲ್ಲಿಯೇ. ಅದರ ಹಿಂದಿದ್ದವರು ರಬಾತ್‌ನ ಮೊಹಮ್ಮದ್ ಐದನೆಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞೆ ಝುಬೀದಾ ಶರೂಫ್. ಎಣ್ಣೆಯ ಘಟಕಗಳನ್ನು ಬಿಡಿಸಿ ನೋಡುತ್ತಿದ್ದ ವಿಜ್ಞಾನಿ, ಆ ಎಣ್ಣೆಯ ಆದಾಯ ಬೀಜ ಒಡೆಯುವ ಹೆಂಗಸರ ಕೈಗೆ ಸೇರಬೇಕೆಂದು ಹಳ್ಳಿಗೆ ಬಂದರು. ಈ ಪಯಣದಲ್ಲಿ ನಾನು ಕೇಳಿದ ಮಾತುಗಳಲ್ಲಿ ನನ್ನ ಮನಸ್ಸು ತುಂಬಿದ್ದು ಇದು.

ನಾವು ಹೋದ ಸಂಘದ ಹಜಾರದಲ್ಲಿ ಹೆಂಗಸರು ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಒಬ್ಬ ಅಜ್ಜಿ ಬೀಜವನ್ನು ಹೆಬ್ಬೆರಳು, ತೋರುಬೆರಳ ನಡುವೆ ನೆಟ್ಟಗೆ ಹಿಡಿದು ಚಪ್ಪಟೆ ಕಲ್ಲಿನ ಮೇಲಿಟ್ಟು ಉದ್ದ ಕಲ್ಲಿನಿಂದ ಹೊಡೆಯುತ್ತಿದ್ದಳು. ಗಟ್ಟಿ ಚಿಪ್ಪು ಸೀಳಿದಾಗ ಒಳಗಿಂದ ಒಂದೋ ಎರಡೋ ಬಿಳಿ ತಿರುಳು. ನನ್ನ ಕೈಗೂ ಕಲ್ಲು ಕೊಟ್ಟಳು. ಬೆರಳು ಎಷ್ಟು ಹತ್ತಿರವಿರುತ್ತದೆ ಎಂದು ಆಗ ತಿಳಿಯಿತು. ಒಂದು ಲೀಟರ್ ಎಣ್ಣೆಗೆ ಸುಮಾರು 30 ಕಿಲೋ ಒಣಹಣ್ಣು ಬೇಕು. ಚಿಪ್ಪು ಒಲೆಗೆ, ಹಿಂಡಿ ದನಗಳಿಗೆ. ಹಿಂದೆ ಹುರಿದ ತಿರುಳನ್ನು ಬೀಸುಕಲ್ಲಿನಲ್ಲಿ ಅರೆದು, ಬೆಚ್ಚನೆಯ ನೀರು ಚಿಮುಕಿಸಿ ಎಣ್ಣೆ ಬಿಡುವ ತನಕ ನಾದುತ್ತಿದ್ದರು. ಆ ನೀರಿನಿಂದ ಎಣ್ಣೆ ಬೇಗ ಕೆಡುತ್ತಿತ್ತು. ಈಗ ಯಂತ್ರದ ಗಾಣಕ್ಕೆ ನೀರು ಬೇಡ, ಎಣ್ಣೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಬಾದಾಮಿ, ಜೇನು, ಅರ್ಗಾನ್ ಎಣ್ಣೆ ಸೇರಿಸಿ ಅರೆದ ಅಮ್ಲೂವನ್ನು ರೊಟ್ಟಿಗೆ ಹಚ್ಚಿ ಕೊಟ್ಟರು. ಹುರಿದ ಘಮ ಬಹಳ ಹೊತ್ತು ನಾಲಿಗೆಯಲ್ಲಿ ಉಳಿಯಿತು.

ಈ ಎಣ್ಣೆಯಲ್ಲಿ ಹೆಚ್ಚಿರುವುದು ಓಲೀಕ್ ಮತ್ತು ಲಿನೋಲೀಕ್ ಎಂಬ ಕೊಬ್ಬಿನಾಮ್ಲಗಳು. ಇ ಜೀವಸತ್ವದ ಗುಂಪಿನ ಗಾಮಾ ಟೋಕೋಫೆರಾಲ್ ಧಾರಾಳವಾಗಿದೆ. ಷಾಟೆನಾಲ್, ಸ್ಪಿನಾಸ್ಟೆರಾಲ್ ಎಂಬ ಸ್ಟೆರಾಲ್‌ಗಳು (ಸಸ್ಯದ ಕೊಬ್ಬಿನಂಥ ಘಟಕಗಳು) ಬೇರೆ ಅಡುಗೆ ಎಣ್ಣೆಗಳಲ್ಲಿ ಅಪರೂಪ; ಕಲಬೆರಕೆ ಪತ್ತೆಗೆ ಇಂಥ ಗುರುತುಗಳು ನೆರವಾಗುತ್ತವೆ. ಮುಟ್ಟು ನಿಂತ ಮಹಿಳೆಯರ ಚರ್ಮದ ಮೇಲೆ ಮೊರಾಕ್ಕೋದಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಈ ಎಣ್ಣೆಯ ಪರೀಕ್ಷೆ ಚರ್ಮದ ಸ್ಥಿತಿಸ್ಥಾಪಕತೆ ಹೆಚ್ಚಿದ್ದನ್ನು ಕಂಡಿತು. ಪರೀಕ್ಷೆಗೆ ಒಳಗಾದವರು 60 ಮಂದಿ ಮಾತ್ರ. ಅಷ್ಟರಿಂದಲೇ ಸೀಸೆಯ ಮೇಲೆ ಪವಾಡ ಬರೆಯುವುದು ಸಲ್ಲದು.

ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು 2011ರಲ್ಲಿ ಅರ್ಥಶಾಸ್ತ್ರಜ್ಞ ಟ್ರಾವಿಸ್ ಲಿಬರ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಎಣ್ಣೆಯ ಬೆಲೆ ಏರಿದಾಗ ಹಳ್ಳಿಗಳ ಹುಡುಗಿಯರು ಪ್ರಾಥಮಿಕ ಶಾಲೆ ದಾಟಿ ಮುಂದೆ ಓದುವುದು ಹೆಚ್ಚಿತು. ಅದೇ ಮನೆಗಳು ಕೂಡಿಟ್ಟ ಹಣದಲ್ಲಿ ಆಡುಗಳನ್ನೂ ಕೊಂಡವು, ಮರದ ಮೇಲಿನ ಒತ್ತಡ ಏರಿತು. ಎಣ್ಣೆಗೆ ಬೆಲೆ ಬಂದರೆ ಕಾಡು ತಾನಾಗಿ ಉಳಿಯುತ್ತದೆ ಎಂಬ ನಿರೀಕ್ಷೆಯನ್ನು ಆ ಅಂಕಿಗಳು ಬೆಂಬಲಿಸಲಿಲ್ಲ.

ವಾಪಸು ಬರುವಾಗ ಗುಡ್ಡದ ಇಳಿಜಾರಿನಲ್ಲಿ ಆಡುಗಳಿಲ್ಲದ ಕಾಡೊಂದು ಕಂಡಿತು. ಹಣ್ಣು ಉದುರುವ ಬೇಸಿಗೆಯಲ್ಲಿ ಊರವರು ಇಂಥ ಕಾಡನ್ನು ಮೇವಿಗೆ ಮುಚ್ಚುತ್ತಾರೆ. ಇದಕ್ಕೆ ಅಗ್ದಾಲ್ ಎನ್ನುತ್ತಾರೆ. ಕಾಡು ಸರ್ಕಾರದ್ದು, ಬಳಕೆಯ ಹಕ್ಕು ಊರವರದು ಎಂದು 1925ರ ಕಾನೂನು ಹೇಳುತ್ತದೆ. ಹಣ್ಣು ಆರಿಸಿ ಮುಗಿಯುವವರೆಗೆ ಆಡುಗಳಿಗೆ ಅಲ್ಲಿ ಪ್ರವೇಶವಿಲ್ಲ ಎಂದ ಚಾಲಕ, ಕಾರನ್ನು ರಸ್ತೆಯಿಂದ ಇಳಿಸದೆಯೇ ನಿಲ್ಲಿಸಿದ. ಬೇಲಿ ಇರಲಿಲ್ಲ. ಸಸಿ ನೆಡುವ ಯೋಜನೆಗಳು ಬೇಕು, ಪ್ರಯೋಗಾಲಯಗಳೂ ಬೇಕು. ಆದರೆ ಈ ಕಟ್ಟುಪಾಡನ್ನು ಕಾಯುವ ಊರುಗಳಿಗೆ ಎಣ್ಣೆಯ ಹಣದಲ್ಲಿ ಮೊದಲ ಪಾಲು ಸಿಗಬೇಕೆಂದು ನನ್ನ ಆಸೆ.