ಪ್ರಕೃತಿ ವಿಕೋಪದಿಂದ ದೇಶದ ನಾಯಕರಿಗೆ ಲಾಭವೋ, ನಷ್ಟವೋ?

ಚುನಾವಣೆ ಮತ್ತು ಜನಾಭಿಪ್ರಾಯದ ಬಗ್ಗೆ ಬರೆಯುವ ನನಗೆ, ಜಗತ್ತಿನ ಯಾವುದೇ ಮೂಲೆಯಲ್ಲಿ ದೊಡ್ಡ ನೆರೆ ಬಂದಾಗ ಅಥವಾ ಭೂಮಿ ಕಂಪಿಸಿದಾಗ ಒಂದೇ ಪ್ರಶ್ನೆ ಎದುರಾಗುತ್ತದೆ: ಇದರಿಂದ ಆ ದೇಶದ ನಾಯಕರಿಗೆ ಪೆಟ್ಟು ಬೀಳುತ್ತದೆಯೇ, ಇಲ್ಲವೇ ಜನ ಅವರ ಬೆನ್ನಿಗೆ ನಿಲ್ಲುತ್ತಾರೆಯೇ? ಕೇಳುವವರಲ್ಲಿ ಹೆಚ್ಚಿನವರು ಎರಡರಲ್ಲೊಂದು ಉತ್ತರವನ್ನು ಮೊದಲೇ ನಂಬಿರುತ್ತಾರೆ. ನನ್ನ ಉತ್ತರ ಬೇರೆ. ಮಳೆ ಸುರಿದದ್ದಕ್ಕೆ, ನೆಲ ನಡುಗಿದ್ದಕ್ಕೆ ನಾಯಕರನ್ನು ದೂರುವವರು ಕಡಿಮೆ. ಆನಂತರದ ಕೆಲವು ದಿನಗಳಲ್ಲಿ ತಮ್ಮ ಕಣ್ಣಿಗೆ ಬಿದ್ದದ್ದನ್ನು ನೋಡಿ ಜನ ತೀರ್ಪು ಕೊಡುತ್ತಾರೆ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಸರ್ಕಾರ ಏನು ಮಾಡಿತ್ತು, ಏನನ್ನು ಮಾಡದೆ ಬಿಟ್ಟಿತ್ತು ಎಂಬುದು ಆ ತೀರ್ಪಿನಲ್ಲಿ ಬಹುಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯ ಮಾತು.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಎರಡು ಚಂಡಮಾರುತಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1965ರ ಸೆಪ್ಟೆಂಬರ್‌ನಲ್ಲಿ ಬೆಟ್ಸಿ ಚಂಡಮಾರುತ ಅಪ್ಪಳಿಸಿದ ಮರುದಿನವೇ ಅಧ್ಯಕ್ಷ ಲಿಂಡನ್ ಜಾನ್ಸನ್ ಅಲ್ಲಿಗೆ ಧಾವಿಸಿದರು. ವಿದ್ಯುತ್ ಇಲ್ಲದ ಒಂದು ಶಾಲೆಯಲ್ಲಿ ಆಶ್ರಯ ಪಡೆದಿದ್ದವರ ನಡುವೆ ನಿಂತು, ಟಾರ್ಚಿನ ಬೆಳಕನ್ನು ತಮ್ಮ ಮುಖದ ಮೇಲೆಯೇ ಬಿಟ್ಟುಕೊಂಡು, ತಾವು ದೇಶದ ಅಧ್ಯಕ್ಷರೆಂದೂ ಸಹಾಯ ಮಾಡಲು ಬಂದಿರುವುದಾಗಿಯೂ ಹೇಳಿಕೊಂಡರು. ನಲವತ್ತು ವರ್ಷಗಳ ಬಳಿಕ, 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದು ನಗರದ ಸುಮಾರು ಶೇ. 80ರಷ್ಟು ಭಾಗ ಮುಳುಗಿದಾಗ, ಅಧ್ಯಕ್ಷ ಜಾರ್ಜ್ ಬುಷ್ ಅವರ ಮೊದಲ ಚಿತ್ರವಾಗಿ ಜನರ ಮನಸ್ಸಿನಲ್ಲಿ ಉಳಿದದ್ದು ವಿಮಾನದ ಕಿಟಕಿಯಿಂದ ಕೆಳಗೆ ನೋಡುತ್ತಿದ್ದ ಅವರ ಫೋಟೊ. ಅದಾದ ಎರಡು ದಿನಕ್ಕೆ, ಇನ್ನೂ ಸಾವಿರಾರು ಜನ ಅನ್ನ ನೀರಿಲ್ಲದೆ ಕಾಯುತ್ತಿರುವಾಗ, ತುರ್ತು ಪರಿಹಾರ ಸಂಸ್ಥೆಯ ಮುಖ್ಯಸ್ಥ ಮೈಕೆಲ್ ಬ್ರೌನ್ ಅವರನ್ನು ಬುಷ್ ಎಲ್ಲರೆದುರು ಹೊಗಳಿದರು. ಬ್ರೌನ್ ಹತ್ತು ದಿನಗಳಲ್ಲಿ ರಾಜೀನಾಮೆ ಕೊಟ್ಟರು.

ಬುಷ್ ಅವರ ಜನಪ್ರಿಯತೆ ಕುಸಿಯಲು ಕತ್ರಿನಾ ಒಂದೇ ಕಾರಣವೆಂದರೆ ತಪ್ಪಾಗುತ್ತದೆ. ಇರಾಕ್ ಯುದ್ಧದಿಂದಾಗಿ ಅದು ಆಗಲೇ ಇಳಿಮುಖವಾಗಿತ್ತು. ಆದರೆ 2001ರ ಭಯೋತ್ಪಾದಕ ದಾಳಿಯ ನಂತರ ಅವರನ್ನು ಸುಮಾರು ಶೇ. 90ರಷ್ಟು ಜನ ಮೆಚ್ಚಿದ್ದು, ಆಪತ್ತಿನಲ್ಲಿ ನಮ್ಮನ್ನು ಕಾಪಾಡುವವರು ಇವರು ಎಂಬ ನಂಬಿಕೆಯಿಂದ. ಕತ್ರಿನಾ ಘಾಸಿ ಮಾಡಿದ್ದು ನೇರವಾಗಿ ಆ ನಂಬಿಕೆಯನ್ನೇ. ನಾಯಕರು ತಮ್ಮ ಬಗ್ಗೆ ಯಾವ ಮಾತನ್ನು ಹೇಳಿಕೊಂಡು ಅಧಿಕಾರದಲ್ಲಿರುತ್ತಾರೋ ಆ ಮಾತಿಗೇ ವಿಕೋಪ ಪರೀಕ್ಷೆ ಒಡ್ಡಿದಾಗ ಬೀಳುವ ಪೆಟ್ಟು ಬೇರೆ ಎಲ್ಲ ಪೆಟ್ಟುಗಳಿಗಿಂತ ಆಳವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. 2019ರ ಕೊನೆಯಲ್ಲಿ ಆಸ್ಟ್ರೇಲಿಯಾ ಕಾಡ್ಗಿಚ್ಚಿಗೆ ಸಿಕ್ಕಿದ್ದಾಗ ರಜೆಗೆಂದು ಹವಾಯಿಗೆ ಹೋಗಿದ್ದ ಪ್ರಧಾನಿ ಸ್ಕಾಟ್ ಮಾರಿಸನ್, ಬೆಂಕಿಗೆ ನೀರು ಹಾಯಿಸುವ ಪೈಪು ಹಿಡಿಯುವುದು ತಮ್ಮ ಕೆಲಸವಲ್ಲ ಎಂಬರ್ಥದ ಮಾತನ್ನು ರೇಡಿಯೊದಲ್ಲಿ ಆಡಿದರು. ಹೊಸ ವರ್ಷದ ಆರಂಭದಲ್ಲಿ ಕೊಬಾರ್ಗೊ ಎಂಬ ಸುಟ್ಟ ಊರಿಗೆ ಅವರು ಭೇಟಿ ಕೊಟ್ಟಾಗ, ಚಾಚಿದ ಕೈಗೆ ಕೈ ಕೊಡಲು ಅಲ್ಲಿನ ಕೆಲವರು ಒಪ್ಪಲಿಲ್ಲ. ಮಾರಿಸನ್ ಅವರ ಮಾತಿನಲ್ಲಿ ಆಡಳಿತದ ಮಟ್ಟಿಗೆ ಸತ್ಯವಿತ್ತು. ಮನೆ ಕಳೆದುಕೊಂಡವರಿಗೆ ಆ ಸತ್ಯದಿಂದ ಆಗಬೇಕಾದದ್ದೇನೂ ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಜರ್ಮನಿಯ ಕಥೆ. 2002ರ ಆಗಸ್ಟ್‌ನಲ್ಲಿ ಎಲ್ಬೆ ಮತ್ತು ಅದರ ಉಪನದಿಗಳು ಉಕ್ಕಿ ಹರಿದವು. ಡ್ರೆಸ್ಡೆನ್‌ನಲ್ಲಿ ನೀರಿನ ಮಟ್ಟ 9.40 ಮೀಟರ್ ಮುಟ್ಟಿತು. ಚುನಾವಣೆಗೆ ಉಳಿದಿದ್ದು ಒಂದು ತಿಂಗಳು ಚಿಲ್ಲರೆ, ಚಾನ್ಸೆಲರ್ ಗೆರ್ಹಾರ್ಡ್ ಶ್ರೋಡರ್ ಸಮೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಅವರು ರಬ್ಬರ್ ಬೂಟು ತೊಟ್ಟು ಗ್ರಿಮ್ಮಾ ಪಟ್ಟಣದ ಕೆಸರಿನಲ್ಲಿ ನಡೆದ ದೃಶ್ಯವನ್ನು ಇಂದಿಗೂ ನೆನೆಯುತ್ತಾರೆ. ಆದರೆ ಬೂಟಿಗಿಂತ ಮುಖ್ಯವಾದದ್ದು, ಜಾರಿಯಾಗಬೇಕಿದ್ದ ತೆರಿಗೆ ಕಡಿತವನ್ನು ಒಂದು ವರ್ಷ ಮುಂದೂಡಿ ಆ ಹಣವನ್ನು ಪುನರ್ನಿರ್ಮಾಣಕ್ಕೆ ಒದಗಿಸಿದ ನಿರ್ಧಾರ. ಸೆಪ್ಟೆಂಬರ್ 22ರ ಮತದಾನದಲ್ಲಿ ಅವರ ಪಕ್ಷವೂ ಎದುರಾಳಿ ಕೂಟವೂ ಶೇ. 38.5 ಮತ ಪಡೆದವು. ನಡುವಿನ ಅಂತರ ಸುಮಾರು ಆರು ಸಾವಿರ ಮತಗಳು; ಶ್ರೋಡರ್ ಅಧಿಕಾರ ಉಳಿಸಿಕೊಂಡರು. ಇರಾಕ್ ಯುದ್ಧಕ್ಕೆ ಶ್ರೋಡರ್ ಒಡ್ಡಿದ ವಿರೋಧವೂ ಆ ಗೆಲುವಿಗೆ ನೆರವಾಯಿತಾದ್ದರಿಂದ ನೆರೆಯ ಪಾಲು ಎಷ್ಟೆಂಬ ಪ್ರಶ್ನೆ ಸಹಜ. ಮೈಕೆಲ್ ಬೆಕ್ಟೆಲ್ ಮತ್ತು ಯೆನ್ಸ್ ಹೈನ್‌ಮುಲ್ಲರ್ ಎಂಬ ವಿದ್ವಾಂಸರು ನೆರೆಪೀಡಿತ ಕ್ಷೇತ್ರಗಳನ್ನೂ ಉಳಿದ ಕ್ಷೇತ್ರಗಳನ್ನೂ ಹೋಲಿಸಿ, ನೆರೆ ಬಂದ ಕಡೆ ಆಳುವ ಪಕ್ಷಕ್ಕೆ ಸುಮಾರು 7 ಶೇಕಡಾ ಅಂಶಗಳಷ್ಟು ಮತ ಹೆಚ್ಚಾಗಿತ್ತೆಂದು ತೋರಿಸಿದರು.

ಇಷ್ಟರಿಂದಲೇ, ಚೆನ್ನಾಗಿ ಪರಿಹಾರ ಕೊಟ್ಟರೆ ಗೆಲುವು, ತಪ್ಪಿದರೆ ಸೋಲು ಎಂದು ಸೂತ್ರ ಕಟ್ಟುವಂತಿಲ್ಲ. ಟರ್ಕಿಯಲ್ಲಿ 2023ರ ಫೆಬ್ರವರಿ 6ರ ಭೂಕಂಪಗಳಲ್ಲಿ 50,000ಕ್ಕೂ ಹೆಚ್ಚು ಜನ ಸತ್ತರು. ರಕ್ಷಣಾ ತಂಡಗಳು ತಡವಾಗಿ ಬಂದವೆಂಬ ಆಕ್ರೋಶವಿತ್ತು, ನಿಯಮ ಮೀರಿ ಕಟ್ಟಿದ ಕಟ್ಟಡಗಳನ್ನು ಸಕ್ರಮಗೊಳಿಸಿದ 2018ರ ಕಾನೂನೂ ಚರ್ಚೆಗೆ ಬಂತು. ಹಾಗಿದ್ದೂ ಮೇ 28ರಂದು ಎರ್ದೋಆನ್ ಶೇ. 52ರಷ್ಟು ಮತ ಪಡೆದು ಮತ್ತೆ ಅಧ್ಯಕ್ಷರಾದರು. ಭೂಕಂಪದ ಕೇಂದ್ರಕ್ಕೆ ಹತ್ತಿರದ ಕಹ್ರಮಾನ್‌ಮರಾಶ್ ಪ್ರಾಂತ್ಯದಲ್ಲಿ ಮೊದಲ ಸುತ್ತಿನಲ್ಲೇ ಅವರಿಗೆ ಶೇ. 70ಕ್ಕೂ ಹೆಚ್ಚು ಮತ ಬಿತ್ತು. ಹೊರಗಿನಿಂದ ನೋಡಿದ ಅನೇಕರು ಅಲ್ಲಿನ ಮತದಾರರನ್ನು ಹಳಿದರು. ನನಗೆ ಅದು ಅನ್ಯಾಯವೆನಿಸಿತು. ಆ ಪ್ರಾಂತ್ಯ ಮೊದಲಿನಿಂದಲೂ ಅವರ ಭದ್ರಕೋಟೆ. ಮೇಲಾಗಿ, ಡೇರೆಯಲ್ಲಿ ವಾಸಿಸುತ್ತಿರುವವರಿಗೆ ಮನೆ ಬಿದ್ದದ್ದು ಯಾರ ತಪ್ಪಿನಿಂದ ಎಂಬುದಕ್ಕಿಂತ ಅದನ್ನು ಮತ್ತೆ ಕಟ್ಟಿಸಿಕೊಡುವ ಶಕ್ತಿ ಯಾರಿಗಿದೆ ಎಂಬ ಪ್ರಶ್ನೆ ದೊಡ್ಡದಾಗಿ ಕಾಣುವುದು ಸಹಜ. ಇನ್ನು, ಮೊದಲೇ ಅಸಮಾಧಾನ ಕುದಿಯುತ್ತಿದ್ದ ಕಡೆ ವಿಕೋಪ ಅದಕ್ಕೆ ಪುರಾವೆ ಒದಗಿಸುತ್ತದೆ. 1970ರ ನವೆಂಬರ್ 12ರ ಭೋಲಾ ಚಂಡಮಾರುತ ಪೂರ್ವ ಪಾಕಿಸ್ತಾನದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಾಗ, ಯಾಹ್ಯಾ ಖಾನ್ ಸರ್ಕಾರದ ನಿಧಾನಗತಿಯಲ್ಲಿ ಅಲ್ಲಿನ ಜನ ಕಂಡದ್ದು ತಾವು ವರ್ಷಗಳಿಂದ ಹೇಳುತ್ತ ಬಂದಿದ್ದ ಕಡೆಗಣನೆಯನ್ನೇ. ಮರುತಿಂಗಳ ಚುನಾವಣೆಯಲ್ಲಿ, ಪೂರ್ವ ಪಾಕಿಸ್ತಾನಕ್ಕೆ ಸ್ವಾಯತ್ತತೆ ಕೇಳುತ್ತಿದ್ದ ಅವಾಮಿ ಲೀಗ್ ಪಕ್ಷ ಅಲ್ಲಿನ ಹೆಚ್ಚೂಕಡಿಮೆ ಎಲ್ಲ ಸ್ಥಾನಗಳನ್ನೂ ಗೆದ್ದಿತು.

ಈಗ ಆ ಕಾಡುವ ಮಾತಿಗೆ ಬರುತ್ತೇನೆ. ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಅವರು ಅಮೆರಿಕದ ಅಂಕಿಅಂಶಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಕೋಪದ ನಂತರ ಪರಿಹಾರಕ್ಕೆ ಖರ್ಚು ಮಾಡಿದ ಅಧ್ಯಕ್ಷರ ಪಕ್ಷಕ್ಕೆ ಮತದಾರರು ಮತ ಕೊಡುತ್ತಾರೆ, ಪೂರ್ವಸಿದ್ಧತೆಗೆ ಖರ್ಚು ಮಾಡಿದವರಿಗೆ ಕೊಡುವುದಿಲ್ಲ. ಪೂರ್ವಸಿದ್ಧತೆಗೆ ಹಾಕಿದ ಒಂದು ಡಾಲರ್ ಮುಂದಿನ ಸುಮಾರು 15 ಡಾಲರ್ ನಷ್ಟವನ್ನು ತಪ್ಪಿಸುತ್ತದೆಂಬ ಅಂದಾಜೂ ಅದೇ ಅಧ್ಯಯನದ್ದು. ಬೆಟ್ಸಿ ಬಂದು ಹೋದ ಮೇಲೆ ನ್ಯೂ ಆರ್ಲಿಯನ್ಸ್ ಸುತ್ತ ತಡೆಗೋಡೆಗಳನ್ನು ಕಟ್ಟುವ ಯೋಜನೆಗೆ ಅಮೆರಿಕದ ಸಂಸತ್ತು 1965ರಲ್ಲೇ ಒಪ್ಪಿಗೆ ಕೊಟ್ಟಿತ್ತು. ನಲವತ್ತು ವರ್ಷಗಳ ನಂತರವೂ ಆ ಕೆಲಸ ಪೂರ್ತಿಯಾಗಿರಲಿಲ್ಲ, ಮತ್ತು ಕತ್ರಿನಾ ಬಂದಾಗ ಒಡೆದದ್ದು ಆ ವ್ಯವಸ್ಥೆಯೇ. ಈ ನಡುವೆ ಎರಡೂ ಪಕ್ಷಗಳ ಅಧ್ಯಕ್ಷರು ಬಂದು ಹೋದರು; ತಡೆಗೋಡೆ ಮುಗಿಯಲಿಲ್ಲವೆಂಬ ಕಾರಣಕ್ಕೆ ಅವರಲ್ಲಿ ಯಾರೂ ಚುನಾವಣೆ ಸೋಲಲಿಲ್ಲ. ಟಾರ್ಚು ಹಿಡಿದು ನಿಂತ ಜಾನ್ಸನ್ ಅವರನ್ನು ಮೆಚ್ಚುವ, ಕಿಟಕಿಯಿಂದ ನೋಡಿದ ಬುಷ್ ಅವರನ್ನು ದೂರುವ ನಾವು, ಆ ನಲವತ್ತು ವರ್ಷಗಳ ಬಗ್ಗೆ ಯಾರನ್ನೂ ಪ್ರಶ್ನಿಸಲಿಲ್ಲ.

ಈ ಅಭಿಪ್ರಾಯಗಳು ಎಷ್ಟು ಕಾಲ ಬಾಳುತ್ತವೆ ಎಂದೂ ಹಲವರು ಕೇಳುತ್ತಾರೆ. ಕೃತಜ್ಞತೆ ಬೇಗ ಕರಗುತ್ತದೆ: ಶ್ರೋಡರ್ ಪಕ್ಷಕ್ಕೆ ನೆರೆಯಿಂದ ಬಂದ ಲಾಭದಲ್ಲಿ 2005ರ ಚುನಾವಣೆಯ ಹೊತ್ತಿಗೆ ಉಳಿದಿದ್ದು ಸುಮಾರು ಕಾಲು ಭಾಗ. ಸಿಟ್ಟೂ ಅನೇಕ ಸಲ ಹಾಗೆಯೇ. ಕಾಡ್ಗಿಚ್ಚಿನ ಕೆಲವೇ ತಿಂಗಳಲ್ಲಿ ಕೊರೊನಾ ಬಂದು ಮಾರಿಸನ್ ಅವರ ಜನಪ್ರಿಯತೆ ಮತ್ತೆ ಏರಿತು. ಉಳಿಯುವುದು ಸಂಘಟನೆಯ ರೂಪ ಪಡೆದ ಸಿಟ್ಟು. ಮೆಕ್ಸಿಕೊ ನಗರದಲ್ಲಿ 1985ರ ಸೆಪ್ಟೆಂಬರ್ 19ರ ಭೂಕಂಪದ ನಂತರ ಅಧ್ಯಕ್ಷ ಮಿಗೆಲ್ ದೆ ಲಾ ಮಾದ್ರಿದ್ ಅವರ ಸರ್ಕಾರ ತಬ್ಬಿಬ್ಬಾಗಿ, ಹೊರಗಿನ ನೆರವು ಬೇಡವೆಂದು ಮೊದಲಿಗೆ ಹೇಳಿತು. ಅಷ್ಟರಲ್ಲಿ ನೆರೆಹೊರೆಯವರೇ ಬರಿಗೈಯಲ್ಲಿ ಅವಶೇಷ ತೆಗೆದು ಜನರನ್ನು ಹೊರಗೆಳೆಯುತ್ತಿದ್ದರು. ಮರುವರ್ಷ ಫುಟ್‌ಬಾಲ್ ವಿಶ್ವಕಪ್ ಉದ್ಘಾಟನೆಯಲ್ಲಿ ಅಧ್ಯಕ್ಷರು ಮಾತಿಗೆ ನಿಂತಾಗ ಇಡೀ ಕ್ರೀಡಾಂಗಣ ಶಿಳ್ಳೆ ಹಾಕಿ ಕೂಗಾಡಿತು. ಆದರೆ ಆ ಕೂಗಾಟಕ್ಕಿಂತ ತೂಕದ್ದು, ಮನೆ ಕಳೆದುಕೊಂಡವರು ಬಡಾವಣೆ ಬಡಾವಣೆಗಳಲ್ಲಿ ಸಂಘ ಕಟ್ಟಿಕೊಂಡು, ಮನೆಯ ಹಕ್ಕಿಗಾಗಿ ಸರ್ಕಾರದೊಡನೆ ವರ್ಷಗಟ್ಟಲೆ ಹೋರಾಡಿದ್ದು. ಆ ನಗರದ ಜನ 1997ರಲ್ಲಿ ಮೊದಲ ಬಾರಿಗೆ ತಮ್ಮ ಆಡಳಿತ ಮುಖ್ಯಸ್ಥರನ್ನು ತಾವೇ ಚುನಾಯಿಸುವ ಹಕ್ಕು ಚಲಾಯಿಸಿದಾಗ, ದಶಕಗಳಿಂದ ದೇಶವನ್ನಾಳುತ್ತಿದ್ದ ಪಕ್ಷವನ್ನು ಸೋಲಿಸಿ ವಿರೋಧ ಪಕ್ಷದ ಕ್ವಾವ್‌ತೆಮೊಕ್ ಕಾರ್ದೆನಾಸ್ ಅವರನ್ನು ಗೆಲ್ಲಿಸಿದರು. ಆ ಗೆಲುವಿಗೆ ಬೇರೆ ಕಾರಣಗಳೂ ಇದ್ದವು. ಭೂಕಂಪದ ನಂತರ ಹುಟ್ಟಿದ ಆ ಸಂಘಗಳು ಅವುಗಳಲ್ಲಿ ಒಂದು.