ಮಗೂನ ಯಾವ ಕ್ಲಾಸಿಗೆ ಸೇರಿಸಲಿ?

"ಮಗುವಿನ ಕ್ರಿಯೇಟಿವಿಟಿ ಬೆಳೆಸೋಕೆ ಯಾವ ಕ್ಲಾಸಿಗೆ ಸೇರಿಸಲಿ?" ಮಕ್ಕಳ ಜೊತೆ ಕೂತು ಚಿತ್ರ ಬಿಡಿಸುತ್ತೇನೆ, ಕತೆ ಬರೆಸುತ್ತೇನೆ ಅಂತ ಗೊತ್ತಿರುವವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಚಿಕ್ಕ ಮಗುವಾದರೆ ಸದ್ಯಕ್ಕೆ ಯಾವ ಕ್ಲಾಸೂ ಬೇಡ ಅನ್ನುತ್ತೇನೆ. ಮಗು ಚಿತ್ರ ಹಿಡಿದುಕೊಂಡು ಓಡಿ ಬಂದಾಗ ನಿಮ್ಮ ಬಾಯಿಂದ ಮೊದಲು ಯಾವ ಮಾತು ಬರುತ್ತದೆ ಅಂತ ಗಮನಿಸಿ. ಅಲ್ಲಿಂದ ಶುರು ಮಾಡೋಣ.

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಹಾಳೆ ತುಂಬಾ ಕಪ್ಪು ಕ್ರಯಾನ್ ತಿಕ್ಕಿಕೊಂಡು ಬಂದಳು. ಮೂಲೆಯಲ್ಲಿ ಒಂದೇ ಒಂದು ಹಳದಿ ಚುಕ್ಕೆ. "ಏನೇ ಇದು, ಬರೀ ಕಪ್ಪು?" ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಗೋ ತಡೆದುಕೊಂಡು, "ಇದರ ಕತೆ ಹೇಳು" ಅಂದೆ. "ಕರೆಂಟ್ ಹೋಗಿದೆಯಲ್ಲ ಅಮ್ಮ. ನಾವೆಲ್ಲ ಇಲ್ಲೇ ಇದೀವಿ, ಕಾಣ್ತಿಲ್ಲ ಅಷ್ಟೆ. ಇದು ನೀನು ಹಚ್ಚಿದ ಮೇಣದಬತ್ತಿ." ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಕಪ್ಪಿನ ಕೆಳಗೆ ನಿಜವಾಗಿಯೂ ಮೂರು ಜನ ಇದ್ದರು!

ಆ ಮೂವರಿಗೂ ಹೊಟ್ಟೆ ಇರಲಿಲ್ಲ, ತಲೆಯಿಂದಲೇ ಕಾಲು. ಇದನ್ನು ನೋಡಿ ತಿದ್ದೋಕೆ ಹೋಗುವವರು ಜಾಸ್ತಿ. ದಯವಿಟ್ಟು ತಿದ್ದಬೇಡಿ. ಮಕ್ಕಳು ಒಂದೂವರೆ ಎರಡು ವರ್ಷಕ್ಕೆ ಗೀಚಲು ಶುರು ಮಾಡುತ್ತಾರೆ. ಮೂರರ ಹೊತ್ತಿಗೆ ಸುತ್ತು ತಿರುಗಿಸಿ ಗೆರೆಯ ಎರಡೂ ತುದಿ ಸೇರಿಸುತ್ತಾರೆ. ಆಮೇಲೆ ಆ ಸುತ್ತಿಗೇ ಕಣ್ಣು, ಕಾಲು ಬರುತ್ತವೆ. ಹೊಟ್ಟೆ ತಾನಾಗಿಯೇ ಬರುತ್ತದೆ. ನಿಜವಾಗಿ ನಾವು ಜೊತೆಗೆ ನಿಲ್ಲಬೇಕಾದದ್ದು ಒಂಬತ್ತು ಹತ್ತನೇ ವಯಸ್ಸಿನಲ್ಲಿ. ಆಗ ಅವರು ತಮ್ಮ ಚಿತ್ರವನ್ನು ನಿಜವಾದ ವಸ್ತುವಿನ ಜೊತೆ ಹೋಲಿಸಿ ನೋಡುತ್ತಾರೆ. "ನಂಗೆ ಬರಲ್ಲ" ಅಂತ ಪೆನ್ಸಿಲ್ ಕೆಳಗಿಡೋದು ಹೆಚ್ಚಾಗಿ ಆಗಲೇ. ಕ್ಲಾಸಿಗೆ ಸೇರಿಸೋದಿದ್ದರೆ ಆಗ ಸೇರಿಸಿ, ಮಗು ಬಯಸಿದರೆ.

ಬಹುಮಾನದ ಆಸೆ ತೋರಿಸೋದೂ ಬೇಡ. 1973ರಲ್ಲಿ ಅಮೆರಿಕದ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರ ಬರೆಯೋದು ಅಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ "ಬರೆದರೆ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಒಂದೆರಡು ವಾರದ ನಂತರ ನೋಡಿದರೆ, ಆ ಮಕ್ಕಳು ತಾವಾಗಿಯೇ ಚಿತ್ರ ಬರೆಯುತ್ತಿದ್ದ ಹೊತ್ತು ಉಳಿದವರದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಕೇಳದೆ ಸರ್ಟಿಫಿಕೇಟ್ ಸಿಕ್ಕ ಮಕ್ಕಳಲ್ಲಿ ಹಾಗೆ ಆಗಿರಲಿಲ್ಲ. ಇದನ್ನು ಓದಿದ ಮೇಲೆ ನಾನು ಸ್ಟಾರ್ ಸ್ಟಿಕ್ಕರ್ ಅಂಟಿಸೋದನ್ನೇ ಬಿಟ್ಟೆ.

ಸಾಮಾನು ಜಾಸ್ತಿ ಬೇಡ. ಒಂದು ಕಡೆ ಖಾಲಿ ಇರುವ ಹಾಳೆ, ಕ್ರಯಾನ್, ಅಂಟು. ಆದರೆ ಅವು ಮಗುವಿನ ಕೈಗೆ ಎಟುಕುವ ಕಡೆ ಇರಲಿ. ಪ್ರತಿ ಸಲ ನಮ್ಮನ್ನು ಕೇಳಿ ತೆಗೆಸಿಕೊಳ್ಳಬೇಕಾದರೆ ಅಷ್ಟರಲ್ಲಿ ಆಸೆಯೇ ಆರಿಹೋಗುತ್ತದೆ, ಅಲ್ವಾ? ಹೊರಗೆ ಹೋದಾಗ ಉದುರಿದ ಎಲೆ ತಂದು ನರ ಇರುವ ಬದಿ ಮೇಲೆ ಮಾಡಿ ಇಡಿ. ತೆಳು ಹಾಳೆ ಹೊದಿಸಿ, ಕ್ರಯಾನನ್ನು ಮಲಗಿಸಿ ಮೆಲ್ಲಗೆ ತಿಕ್ಕಲು ಹೇಳಿ. ಒಂದೊಂದೇ ನರ ಎದ್ದು ಬರುವಾಗ ಮಗುವಿನ ಮುಖ ನೋಡಬೇಕು.

ಬರವಣಿಗೆಗೆ ಅಕ್ಷರ ಕಲಿಯುವ ತನಕ ಕಾಯಬೇಕಿಲ್ಲ. ಅವರು ಹೇಳಲಿ, ನಾವು ಬರೆದುಕೊಳ್ಳೋಣ, ಒಂದು ಪದವನ್ನೂ ಬದಲಿಸದೆ. ಮುಂದೆ ತಾವೇ ಬರೆಯುವಾಗ ಒತ್ತಕ್ಷರ ತಪ್ಪಿದರೆ ಮೊದಲು ಕತೆ ಪೂರ್ತಿ ಕೇಳಿ. ತಪ್ಪನ್ನು ಇನ್ನೊಂದು ದಿನ ನೋಡಿಕೊಂಡರಾಯಿತು.

ಒಂದು ಸಂಜೆ ಮಗಳು ಗೋಡೆ ಮೇಲಿನ ಇರುವೆ ಸಾಲಿಗೆ ಅಡ್ಡಲಾಗಿ ಬೆರಳಿಂದ ಉಜ್ಜಿದಳು. ಇರುವೆಗಳು ಮುಂದಿನವು ಬಿಟ್ಟುಹೋದ ವಾಸನೆ ಹಿಡಿದು ನಡೆಯುತ್ತವೆ. ಅದು ಅಳಿಸಿದ್ದೇ ತಡ, ಸಾಲು ನಿಂತಿತು. ಒಂದು ಆ ಕಡೆ, ಒಂದು ಈ ಕಡೆ ಹುಡುಕಾಡತೊಡಗಿದವು. ತುಂಬಾ ಹೊತ್ತು ಸುಮ್ನೆ ನೋಡಿದಳು. ಆಮೇಲೆ ಒಳಗೆ ಬಂದು "ಬರ್ಕೋ ಅಮ್ಮ" ಅಂದಳು. ಅವಳು ಹೇಳಿದಂತೆ ಬರೆದುಕೊಂಡೆ: "ಇರುವೆ ರೋಡು ಅಳಿಸಿಹೋಯ್ತು. ನಾನೇ ಅಳಿಸಿದ್ದು. ಸಾರಿ ಅಂದೆ. ಅವಕ್ಕೆ ಕೇಳಿಸಲಿಲ್ಲ, ನಾನು ತುಂಬಾ ಎತ್ತರ ಇದೀನಿ."